ನೆಗಡಿಯೋ, ಮೈಗೊಗ್ಗದ ಗಾಳಿಯೋ?

ಮೂಗು ಸೋರಿದರೆ ನೆಗಡಿ, ಸಾಲಾಗಿ ಸೀನು ಬಂದರೆ ನೆಗಡಿ, ಮೂಗು ಕಟ್ಟಿ ರಾತ್ರಿ ನಿದ್ದೆ ಕೆಟ್ಟರೂ ನೆಗಡಿ. ಮೂಗಿನ ತೊಂದರೆಗಳಿಗೆಲ್ಲ ನಮ್ಮಲ್ಲಿ ಈ ಒಂದೇ ಹೆಸರು ರೂಢಿಯಲ್ಲಿದೆ. ಆದರೆ ಈ ಹೆಸರಿನ ಹಿಂದೆ ಎರಡು ಬೇರೆ ಬೇರೆ ವ್ಯಾಧಿಗಳಿವೆ. ಒಂದು, ಸೋಂಕಿನಿಂದ ಬಂದು ವಾರ-ಹತ್ತು ದಿನಗಳಲ್ಲಿ ತಾನಾಗಿಯೇ ಶಮನವಾಗುವ ನಿಜವಾದ ನೆಗಡಿ. ಇನ್ನೊಂದು, ಗಾಳಿಯಲ್ಲಿ ತೇಲಿಬರುವ ಪರಾಗ, ಧೂಳು, ಬೂಷ್ಟುಗಳು ಶರೀರಕ್ಕೆ ಒಗ್ಗದೆ ಉಂಟಾಗುವ ಮೂಗಿನ ಅಲರ್ಜಿ. ಇದು ತಿಂಗಳುಗಟ್ಟಲೆ, ಕೆಲವರಲ್ಲಿ ವರ್ಷಗಟ್ಟಲೆ ಉಳಿಯುತ್ತದೆ.

ಎರಡನ್ನೂ ಒಂದೇ ಎಂದು ತಿಳಿದರೆ ಏನು ಹಾನಿ ಎಂದು ಕೆಲವರು ಕೇಳಬಹುದು. ಹಾನಿ ಚಿಕ್ಕದಲ್ಲ. ಅಲರ್ಜಿಯನ್ನು ನೆಗಡಿಯೆಂದು ಭಾವಿಸಿದವರು ಪ್ರತಿ ಸಲವೂ ಆ್ಯಂಟಿಬಯೋಟಿಕ್ ಗುಳಿಗೆ ನುಂಗುತ್ತಾರೆ. ಅದರಿಂದ ಗುಣವಾಗುವುದಿಲ್ಲ, ಹೊಟ್ಟೆ ಕೆಡುತ್ತದೆ, ನಿಜವಾಗಿ ಬೇಕಾದಾಗ ಆ ಔಷಧವೇ ಕೆಲಸಕ್ಕೆ ಬಾರದಂತಾಗುತ್ತದೆ. ಅದಕ್ಕಿಂತ ದೊಡ್ಡ ಹಾನಿಯೆಂದರೆ, ಮೂಗಿನಲ್ಲಿ ಬಹುಕಾಲ ಅಲಕ್ಷಿತವಾಗಿ ಉಳಿದ ಅಲರ್ಜಿ ಕೆಲವರಲ್ಲಿ ಎದೆಗೆ ಇಳಿದು ಉಬ್ಬಸವಾಗುತ್ತದೆ. ಉಬ್ಬಸವಿರುವವರಲ್ಲಿ ಬಹುಪಾಲು ಜನರಿಗೆ ಮೂಗಿನ ಅಲರ್ಜಿಯೂ ಇರುವುದು ವೈದ್ಯಲೋಕಕ್ಕೆ ತಿಳಿದ ಸಂಗತಿ. ಆದ್ದರಿಂದ ಯಾವುದು ನೆಗಡಿ, ಯಾವುದು ಅಲರ್ಜಿ ಎಂಬ ವಿವೇಕ ಪ್ರತಿ ಮನೆಯಲ್ಲಿಯೂ ಇರಬೇಕಾದದ್ದು. ಅದಕ್ಕೆ ದೊಡ್ಡ ಪರೀಕ್ಷೆಗಳು ಮೊದಲಿಗೆ ಬೇಕಾಗಿಲ್ಲ. ಗಮನವಿಟ್ಟು ನೋಡುವ ಕಣ್ಣು, ಗೋಡೆಯ ಮೇಲಿನ ಕ್ಯಾಲೆಂಡರ್ ಇದ್ದರೆ ಸಾಕು.

ಮೂಗಿನ ಒಳಗೆ ನಡೆಯುವುದೇನು?

ನೆಗಡಿಗೆ ಕಾರಣ ವೈರಾಣುಗಳು. ಇನ್ನೂರಕ್ಕೂ ಹೆಚ್ಚು ಬಗೆಯ ವೈರಾಣುಗಳು ನೆಗಡಿಯನ್ನು ತರಬಲ್ಲವು. ಅವುಗಳಲ್ಲಿ ರೈನೋವೈರಸ್ ಎಂಬ ಗುಂಪು ಪ್ರಮುಖವಾದುದು. ಸೋಂಕಿದವರ ಕೈ, ಉಸಿರು, ಸೀನುಗಳ ಮೂಲಕ ವೈರಾಣು ನಮ್ಮ ಮೂಗನ್ನು ಸೇರಿ, ಒಂದರಿಂದ ಮೂರು ದಿನಗಳೊಳಗೆ ಲಕ್ಷಣ ತೋರುತ್ತದೆ. ಶರೀರವು ಅದರೊಡನೆ ಹೋರಾಡಿ ಗೆಲ್ಲುತ್ತದೆ. ಗೆಲ್ಲಲು ಅದಕ್ಕೆ ಬೇಕಾಗುವುದು ಸಮಯ ಮತ್ತು ವಿಶ್ರಾಂತಿ. ವೈರಾಣುಗಳ ಬಗೆಗಳು ಇಷ್ಟೊಂದು ಇರುವುದರಿಂದಲೇ ವಯಸ್ಕರಿಗೆ ವರ್ಷದಲ್ಲಿ ಎರಡು-ಮೂರು ಬಾರಿ, ಶಾಲೆಗೆ ಹೋಗುವ ಎಳೆಯ ಮಕ್ಕಳಿಗೆ ಆರೇಳು ಬಾರಿಯೂ ನೆಗಡಿ ಬರುವುದು ಅಸಹಜವಲ್ಲ.

ಅಲರ್ಜಿಯ ಬಗೆ ಬೇರೆ. ಇಲ್ಲಿ ಹೊರಗಿನಿಂದ ಬಂದ ಶತ್ರುವೇ ಇಲ್ಲ. ಹೂವಿನ ಪರಾಗವಾಗಲಿ ಹಾಸಿಗೆಯ ಧೂಳಾಗಲಿ ಬಹುಜನರಿಗೆ ನಿರಪಾಯಕಾರಿ. ಆದರೆ ಕೆಲವರ ಶರೀರ ಅದನ್ನು ಶತ್ರುವೆಂದು ತಪ್ಪಾಗಿ ಗುರುತಿಸಿ, ಅದರ ವಿರುದ್ಧ ಐಜಿಇ ಎಂಬ ಪ್ರತಿಕಾಯವನ್ನು ಸಿದ್ಧಪಡಿಸಿ ಇಟ್ಟುಕೊಳ್ಳುತ್ತದೆ. ಮುಂದೆ ಅದೇ ವಸ್ತು ಮೂಗನ್ನು ಸೋಕಿದ ಕೂಡಲೇ ಅಲ್ಲಿನ ಜೀವಕೋಶಗಳು ಹಿಸ್ಟಮಿನ್ ಮೊದಲಾದ ದ್ರವ್ಯಗಳನ್ನು ಸುರಿಸುತ್ತವೆ. ತುರಿಕೆ, ಸೀನು, ನೀರು ಸೋರುವಿಕೆಗಳು ಕೆಲವೇ ನಿಮಿಷಗಳಲ್ಲಿ ಆರಂಭವಾಗುತ್ತವೆ. ಈ ಸ್ಥಿತಿಗೆ ಅಲರ್ಜಿ ಎಂಬ ಹೆಸರನ್ನು 1906ರಲ್ಲಿ ಕೊಟ್ಟವರು ವಿಯೆನ್ನಾದ ಮಕ್ಕಳ ವೈದ್ಯ ಕ್ಲೆಮೆನ್ಸ್ ಫಾನ್ ಪಿರ್ಕೆ. ಐಜಿಇ ಪ್ರತಿಕಾಯವನ್ನು 1966ರಲ್ಲಿ ಕಂಡುಹಿಡಿದವರು ಅಮೆರಿಕದಲ್ಲಿ ಕೆಲಸ ಮಾಡುತ್ತಿದ್ದ ಜಪಾನಿ ದಂಪತಿ ಇಶಿಝಾಕಾ.

ಗಾಳಿಯ ಪರಾಗವೇ ಕಾರಣವೆಂದು ತೋರಿಸಿಕೊಟ್ಟ ಕಥೆ ಇನ್ನೂ ಹಳೆಯದು. ಇಂಗ್ಲೆಂಡಿನ ವೈದ್ಯ ಜಾನ್ ಬೋಸ್ಟಾಕ್ 1819ರಲ್ಲಿ ಪ್ರತಿ ಬೇಸಗೆಯಲ್ಲಿ ತನಗೇ ಬರುತ್ತಿದ್ದ ಕಣ್ಣು-ಮೂಗುಗಳ ಉರಿಯನ್ನು ವರ್ಣಿಸಿದರು. ಕಾರಣ ಅವರಿಗೆ ದೊರೆಯಲಿಲ್ಲ. ಮ್ಯಾಂಚೆಸ್ಟರಿನ ಚಾರ್ಲ್ಸ್ ಬ್ಲ್ಯಾಕ್ಲಿ ಎಂಬ ಇನ್ನೊಬ್ಬ ವೈದ್ಯರು ಹುಲ್ಲಿನ ಪರಾಗವನ್ನು ತಮ್ಮ ಮೂಗಿಗೇ ಹಾಕಿಕೊಂಡು ಪರೀಕ್ಷಿಸಿದರು. ಆಷಾಢದ ಗಾಳಿಯಲ್ಲಿ ನಮ್ಮ ಮಕ್ಕಳು ಹಾರಿಸುವಂತೆ ಪಟ ಹಾರಿಸಿ, ಅದಕ್ಕೆ ಅಂಟು ಹಚ್ಚಿದ ಗಾಜಿನ ಬಿಲ್ಲೆಗಳನ್ನು ಕಟ್ಟಿ, ಆಕಾಶದಲ್ಲಿಯೂ ಪರಾಗವಿದೆಯೆಂದು ತೋರಿಸಿದರು. ಅವರ ಗ್ರಂಥ 1873ರಲ್ಲಿ ಹೊರಬಂದಿತು.

ಶಾಸ್ತ್ರವು ಕಂಡದ್ದು

ಆಯುರ್ವೇದದಲ್ಲಿ ಈ ವ್ಯಾಧಿವರ್ಗಕ್ಕೆ ಪ್ರತಿಶ್ಯಾಯ ಎಂದು ಹೆಸರು. ಅದರ ಕಾರಣಗಳನ್ನು ಹೇಳುವಾಗ ಚರಕಾಚಾರ್ಯರು ಅಜೀರ್ಣ, ವೇಗಧಾರಣೆ, ಋತುವೈಷಮ್ಯಗಳೊಡನೆ ರಜಸ್ಸನ್ನು, ಎಂದರೆ ಧೂಳನ್ನು, ಸ್ಪಷ್ಟವಾಗಿ ಎಣಿಸಿದ್ದಾರೆ. ಸುಶ್ರುತರು ಸೀನಿನ ವ್ಯಾಧಿಯನ್ನು ಕ್ಷವಥು ಎಂದು ಪ್ರತ್ಯೇಕವಾಗಿ ವಿವರಿಸಿ, ದೋಷಗಳಿಂದ ಬರುವುದು ಒಂದು ಬಗೆ, ತೀಕ್ಷ್ಣ ವಸ್ತುಗಳನ್ನು ಮೂಸುವುದು ಮೊದಲಾದ ಬಾಹ್ಯ ಕಾರಣಗಳಿಂದ ಬರುವುದು ಇನ್ನೊಂದು ಬಗೆ ಎಂದು ವಿಂಗಡಿಸಿದ್ದಾರೆ. ಒಬ್ಬರಿಗೆ ಹಿತವಾದದ್ದು ಇನ್ನೊಬ್ಬರಿಗೆ ಅಹಿತವಾಗಬಹುದೆಂಬ ಸಾತ್ಮ್ಯ-ಅಸಾತ್ಮ್ಯ ವಿಚಾರವೂ ನಮ್ಮ ಶಾಸ್ತ್ರದ ಮೂಲತತ್ತ್ವಗಳಲ್ಲೊಂದು. ಇದರಿಂದ ಪ್ರಾಚೀನರಿಗೆ ವೈರಾಣು, ಐಜಿಇಗಳು ತಿಳಿದಿದ್ದವು ಎಂದು ಹೇಳುವುದು ಅತಿಶಯೋಕ್ತಿಯಾದೀತು. ಆದರೆ ಮೂಗು ಸೋರುವುದಕ್ಕೆಲ್ಲ ಕಾರಣವೊಂದೇ ಅಲ್ಲ, ಚಿಕಿತ್ಸೆಗೆ ಮೊದಲು ನಿದಾನವನ್ನು ಹುಡುಕಬೇಕು, ನಿದಾನವನ್ನು ತ್ಯಜಿಸುವುದೇ ಚಿಕಿತ್ಸೆಯ ಮೊದಲ ಮೆಟ್ಟಿಲು ಎಂಬ ಅವರ ಬೋಧನೆ ಇಂದಿಗೂ ನಮಗೆ ದಾರಿದೀಪ.

ಕೇಳಿಕೊಳ್ಳಬೇಕಾದ ಐದು ಪ್ರಶ್ನೆಗಳು

1. ಎಷ್ಟು ದಿನವಾಯಿತು? ನೆಗಡಿಯು ಗಂಟಲ ಕೆರೆತದಿಂದ ಆರಂಭವಾಗಿ, ಎರಡು-ಮೂರನೆಯ ದಿನ ಉಲ್ಬಣಿಸಿ, ಏಳರಿಂದ ಹತ್ತು ದಿನಗಳಲ್ಲಿ ಇಳಿಯುತ್ತದೆ. ಅಲರ್ಜಿ ಏರಿ ಇಳಿಯುವ ಈ ಕ್ರಮವನ್ನು ಪಾಲಿಸುವುದಿಲ್ಲ. ಕಾರಣ ಎದುರಿಗಿರುವವರೆಗೆ ಅದು ಇರುತ್ತದೆ. ಕಾರಣ ದೂರವಾದರೆ ಕೆಲವು ಗಂಟೆಗಳಲ್ಲಿಯೇ ಕಡಿಮೆಯಾಗಬಹುದು.

2. ತುರಿಕೆ ಇದೆಯೇ? ಇದು ಅತ್ಯಂತ ಉಪಯುಕ್ತವಾದ ಪ್ರಶ್ನೆ. ಮೂಗಿನೊಳಗೆ, ಕಣ್ಣಿನಲ್ಲಿ, ಅಂಗುಳಿನಲ್ಲಿ, ಕಿವಿಯ ಆಳದಲ್ಲಿ ತುರಿಕೆ ಇದ್ದು, ಒಮ್ಮೆಗೆ ಎಂಟು-ಹತ್ತು ಸೀನುಗಳು ಸಾಲಾಗಿ ಬಂದರೆ ಅಲರ್ಜಿಯ ಸಂಭವ ಹೆಚ್ಚು. ನೆಗಡಿಯಲ್ಲಿಯೂ ಸೀನು ಬರುತ್ತದೆ, ಆದರೆ ಕಣ್ಣುಜ್ಜಿಕೊಳ್ಳುವಂಥ ತುರಿಕೆ ಅಪರೂಪ.

3. ಜ್ವರ, ಮೈಕೈನೋವು ಇವೆಯೇ? ಮೈ ಬೆಚ್ಚಗಾಗುವುದು, ಮೈಕೈನೋವು, ಗಂಟಲುನೋವು ಸೋಂಕಿನ ಗುರುತುಗಳು. ಮೈಕೈನೋವು ವಿಪರೀತವಾಗಿ, ಜ್ವರವೂ ಏರಿದರೆ ಅದು ಸಾಮಾನ್ಯ ನೆಗಡಿಯೂ ಅಲ್ಲ, ಫ್ಲೂ ಅಥವಾ ಕೋವಿಡ್ ಇರಬಹುದು. ಅಲರ್ಜಿಯಿಂದ ಜ್ವರ ಬರುವುದಿಲ್ಲ. ಆದರೆ ನಿದ್ದೆಗೆಟ್ಟು ದಣಿವು ಬರುತ್ತದೆ.

4. ಮನೆಯಲ್ಲಿ ಬೇರೆಯವರಿಗೂ ಬಂದಿದೆಯೇ? ನೆಗಡಿ ಒಬ್ಬರಿಂದೊಬ್ಬರಿಗೆ ಹರಡುತ್ತದೆ. ಮೊಮ್ಮಗನಿಗೆ ಬಂದ ನಾಲ್ಕು ದಿನಕ್ಕೆ ಅಜ್ಜಿಗೂ ಬರುತ್ತದೆ. ಅಲರ್ಜಿ ಹರಡುವುದಿಲ್ಲ. ಆದರೆ ಅದರ ಪ್ರವೃತ್ತಿ ವಂಶದಲ್ಲಿ ಹರಿದುಬರುತ್ತದೆ. ತಂದೆಗೆ ಉಬ್ಬಸ, ತಾಯಿಗೆ ಚರ್ಮದ ಅಲರ್ಜಿ ಇದ್ದರೆ ಮಗುವಿನ ಮೂಗನ್ನು ಗಮನಿಸುತ್ತಿರಬೇಕು.

5. ಯಾವ ಹೊತ್ತು, ಯಾವ ಜಾಗ? ಬೆಳಿಗ್ಗೆ ಹಾಸಿಗೆಯಿಂದೇಳುವಾಗಲೇ ಸೀನು ಬರುವುದೇ? ಕಸ ಗುಡಿಸುವಾಗಲೇ? ಹೊಲಕ್ಕೆ ಹೋದಾಗಲೇ? ಊರು ಬಿಟ್ಟಾಗ ಆರಾಮವೇ? ನೆಗಡಿಗೆ ಇಂಥ ಹೊತ್ತು-ಜಾಗಗಳ ಹಂಗಿಲ್ಲ. ನೆಗಡಿಯನ್ನು ದಿನ ಎಣಿಸಿ ಅರಿಯಬೇಕು. ಅಲರ್ಜಿಯನ್ನು ಜಾಗ ಹುಡುಕಿ ಹಿಡಿಯಬೇಕು.

ಇಲ್ಲಿಯೇ ಒಂದು ತಪ್ಪು ತಿಳಿವಳಿಕೆಯನ್ನು ತೆಗೆದುಹಾಕಬೇಕಾಗಿದೆ. ಸಿಂಬಳ ಹಳದಿಯೋ ಹಸಿರೋ ಆದೊಡನೆ ಆ್ಯಂಟಿಬಯೋಟಿಕ್ ಬೇಕು ಎಂಬ ನಂಬಿಕೆ ವ್ಯಾಪಕವಾಗಿದೆ. ಸಾಮಾನ್ಯ ನೆಗಡಿಯಲ್ಲಿಯೂ ಮೂರ್ನಾಲ್ಕನೆಯ ದಿನಕ್ಕೆ ಸಿಂಬಳ ಗಟ್ಟಿಯಾಗಿ ಹಳದಿಗೆ ತಿರುಗುತ್ತದೆ. ನಮ್ಮ ಶಾಸ್ತ್ರ ಹೇಳುವ ಪಕ್ವಾವಸ್ಥೆ ಇದೇ. ಅದು ಇಳಿಮುಖದ ಲಕ್ಷಣ. ಅಲರ್ಜಿಯಲ್ಲಾದರೋ ಮೂಗಿನ ಸ್ರಾವ ಹೆಚ್ಚಾಗಿ ತಿಳಿನೀರಿನಂತೆಯೇ ಉಳಿಯುತ್ತದೆ.

ನಮ್ಮ ಸೀಮೆಯ ಗಾಳಿ

ಗಾಳಿಯ ಗುಣಮಟ್ಟದ ಪಟ್ಟಿಗಳಲ್ಲಿ ಗದಗು ಹಲವು ಬಾರಿ ಶುದ್ಧ ಗಾಳಿಯ ನಗರಗಳ ಸಾಲಿನಲ್ಲಿ ಕಾಣಿಸಿಕೊಂಡಿರುವುದನ್ನು ಓದುಗರು ಪತ್ರಿಕೆಗಳಲ್ಲಿ ನೋಡಿರಬಹುದು. ಅದು ಸಂತೋಷದ ಸಂಗತಿ. ಹಾಗಿದ್ದೂ ನಮ್ಮಲ್ಲಿ ಸೀನುವವರು ಏಕಿಷ್ಟು ಎಂಬ ಪ್ರಶ್ನೆ ಸಹಜ. ಆ ಪಟ್ಟಿಗಳು ಅಳೆಯುವುದು ಹತ್ತು ಮೈಕ್ರಾನಿಗಿಂತ ಚಿಕ್ಕದಾದ ಕಣಗಳನ್ನು ಮತ್ತು ಹೊಗೆಯ ಅನಿಲಗಳನ್ನು. ಹೂವಿನ ಪರಾಗದ ಕಣಗಳು ಬಹುಮಟ್ಟಿಗೆ ಅದಕ್ಕಿಂತ ದೊಡ್ಡವು. ಅವು ಎಣಿಕೆಗೆ ಸಿಗುವುದಿಲ್ಲ, ಆದರೆ ಮೂಗಿಗೆ ಸಿಗುತ್ತವೆ. ಕಾರ್ಖಾನೆಯ ಹೊಗೆಯಿಲ್ಲದ ಊರಿನಲ್ಲಿಯೂ ಅಲರ್ಜಿ ಇರಬಹುದೆಂಬುದಕ್ಕೆ ಇದೇ ಕಾರಣ.

ನಮ್ಮ ಭಾಗದಲ್ಲಿ ಮೊದಲು ನೆನೆಯಬೇಕಾದ ಗಿಡ ಪಾರ್ಥೇನಿಯಂ. ಜನರ ಬಾಯಲ್ಲಿ ಕಾಂಗ್ರೆಸ್ ಕಸ. ಹೊರದೇಶದಿಂದ ಬಂದ ಈ ಕಳೆ ನಮ್ಮ ದೇಶದಲ್ಲಿ 1950ರ ದಶಕದ ಮಧ್ಯಭಾಗದಲ್ಲಿ ಪುಣೆಯ ಬಳಿ ಗಮನಕ್ಕೆ ಬಂದು, ಮುಂದೆ ಕರ್ನಾಟಕವನ್ನೆಲ್ಲ ಆವರಿಸಿತು. ಕರ್ನಾಟಕ ಸರ್ಕಾರವು 1975ರಲ್ಲಿಯೇ ಇದನ್ನು ಹಾನಿಕಾರಕ ಕಳೆಯೆಂದು ಘೋಷಿಸಿತು. ಇದನ್ನು ತಿನ್ನುವ ಮೆಕ್ಸಿಕೋ ದೇಶದ ದುಂಬಿಯೊಂದನ್ನು 1984ರಲ್ಲಿ ಬೆಂಗಳೂರಿನಲ್ಲಿ ಬಿಡಲಾಯಿತು. ಬೆಂಗಳೂರಿನಲ್ಲಿ ನಡೆದು 1991ರಲ್ಲಿ ಪ್ರಕಟವಾದ ಸಮೀಕ್ಷೆಯೊಂದು ಅಲ್ಲಿನ ಜನರಲ್ಲಿ ಸುಮಾರು ಶೇ. 7ರಷ್ಟು ಮಂದಿಗೆ ಈ ಗಿಡದಿಂದ ಮೂಗಿನ ಅಲರ್ಜಿ ಇರುವುದನ್ನು ಕಂಡಿತು. ಮಳೆ ಬಿದ್ದ ಮೇಲೆ ಬೆಟಗೇರಿಯ ಖಾಲಿ ನಿವೇಶನಗಳಲ್ಲಿ, ರೈಲುಹಳಿಯ ಬದಿಯಲ್ಲಿ, ಹೊಲದ ಬದುಗಳಲ್ಲಿ ಇದರ ಬಿಳಿ ಹೂ ತುಂಬಿಕೊಳ್ಳುತ್ತದೆ. ಆ ತಿಂಗಳುಗಳಲ್ಲಿ ಕಣ್ಣು ಕೆಂಪಾಗಿ ಮೂಗು ಸೋರುವವರು ಮೊದಲು ಇದನ್ನು ಸಂಶಯಿಸಬೇಕು. ಕೆಲವರಿಗೆ ಮುಖ, ಕತ್ತು, ಮೊಣಕೈಗಳ ಚರ್ಮದಲ್ಲಿಯೂ ತುರಿಕೆಯ ಗಂಧೆಗಳೇಳುತ್ತವೆ.

ಬಳ್ಳಾರಿ ಜಾಲಿ, ವಿವಿಧ ಹುಲ್ಲುಗಳು ಕೂಡ ಗಾಳಿಗೆ ಪರಾಗ ಬಿಡುತ್ತವೆ. ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಕಡೆಯ ರೈತಬಾಂಧವರಿಗೆ ಇನ್ನೊಂದು ಕಾಲವುಂಟು. ಹಿಂಗಾರಿ ಜೋಳದ ರಾಶಿ ಮಾಡುವ ಕಾಲ. ಆಗ ಏಳುವ ಹೊಟ್ಟಿನ ಧೂಳಿನಲ್ಲಿ ಪರಾಗವೂ ಬೂಷ್ಟಿನ ಬೀಜಾಣುಗಳೂ ಇರುತ್ತವೆ. ಮಳೆಗೆ ಸಿಕ್ಕ ಕಣಕಿ, ತೇವ ಹಿಡಿದ ಕಾಳಿನ ಚೀಲ, ಬಹುಕಾಲ ಮುಚ್ಚಿಟ್ಟ ಹಗೇವು ಇವೂ ಬೂಷ್ಟಿನ ತವರು.

ಮನೆಯೊಳಗಿನ ಕಾರಣ ಕಣ್ಣಿಗೆ ಬೀಳುವುದಿಲ್ಲ. ಮನೆಯ ಧೂಳಿನ ಅಲರ್ಜಿಗೆ ಮುಖ್ಯ ಕಾರಣ ಧೂಳಿನ ನುಸಿ ಎಂಬ ಅತಿ ಸೂಕ್ಷ್ಮ ಜೀವಿಯೆಂದು 1964ರಲ್ಲಿ ನೆದರ್ಲೆಂಡ್ಸಿನ ಸಂಶೋಧಕರು ತೋರಿಸಿದರು. ಅದು ಕಚ್ಚುವುದಿಲ್ಲ, ನಮ್ಮ ಮೈಯಿಂದ ಉದುರುವ ಚರ್ಮದ ಹೊಟ್ಟನ್ನು ತಿಂದು ಬದುಕುತ್ತದೆ. ಅದರ ಮಲದ ಕಣಗಳೇ ಅಲರ್ಜಿಗೆ ಕಾರಣ. ಗಾದಿ, ತಲೆದಿಂಬು, ಹಳೆಯ ಸೀರೆಗಳನ್ನು ಪದರ ಪದರವಾಗಿ ಹೊಲಿದ ನಮ್ಮ ಕೌದಿ ಇವು ಅದಕ್ಕೆ ಪ್ರಿಯವಾದ ವಾಸಸ್ಥಾನಗಳು. ತೇವವಿರುವ ಮಳೆಗಾಲದಲ್ಲಿ ಅದು ಹೆಚ್ಚುತ್ತದೆ, ಬಿರುಬಿಸಿಲಿಗೆ ಸೊರಗುತ್ತದೆ.

ಘಾಟು ಬೇರೆ, ಅಲರ್ಜಿ ಬೇರೆ

ಎಪಿಎಂಸಿ ಪ್ರಾಂಗಣದಲ್ಲಿ ಒಣ ಮೆಣಸಿನಕಾಯಿ ಚೀಲ ಸುರಿದಾಗ, ಗಿರಣಿಯಲ್ಲಿ ಖಾರ ಕುಟ್ಟಿಸುವಾಗ, ಅಡುಗೆಮನೆಯಲ್ಲಿ ಒಗ್ಗರಣೆ ಹೊತ್ತಿದಾಗ ಯಾರಿಗಾದರೂ ಸೀನು ಬರುತ್ತದೆ. ಅದು ಘಾಟು. ಎಲ್ಲರಿಗೂ ಆಗುವುದು ಘಾಟು, ಹತ್ತು ಜನರಲ್ಲಿ ಒಬ್ಬಿಬ್ಬರಿಗೆ ಮಾತ್ರ ಆಗುವುದು ಅಲರ್ಜಿ. ಆದರೆ ಅಲರ್ಜಿಯ ಮೂಗು ಮೊದಲೇ ಕೆರಳಿರುವುದರಿಂದ ಅಲ್ಪ ಘಾಟನ್ನೂ ತಾಳಲಾರದು. ಪೂಜೆಯ ವೇಳೆಯಲ್ಲಿ ಊದುಬತ್ತಿ, ಕರ್ಪೂರಗಳ ಹೊಗೆಯಿಂದ ಕೆಮ್ಮು ಬರುವವರು ಎಣ್ಣೆಯ ದೀಪವೊಂದನ್ನೇ ಬೆಳಗಿದರೂ ಪೂಜೆಗೆ ಕೊರತೆಯಿಲ್ಲ. ವಿಭೂತಿಯನ್ನು ಒಣಪುಡಿಯಾಗಿ ಧರಿಸುವಾಗ ಸೀನು ಬರುವವರು ನೀರಿನಲ್ಲಿ ಕಲಸಿ ಧರಿಸಬಹುದು.

ನಮ್ಮ ಬೆಟಗೇರಿ ನೇಕಾರರ ಊರು. ಸುತ್ತಲಿನದು ಹತ್ತಿಯ ಸೀಮೆ. ಹತ್ತಿಯ ಜಿನ್ನಿಂಗ್, ನೂಲಿನ ಕೆಲಸದಲ್ಲಿರುವವರು ಒಂದು ವಿಷಯವನ್ನು ವಿಶೇಷವಾಗಿ ತಿಳಿದಿರಬೇಕು. ರಜೆ ಕಳೆದು ಕೆಲಸಕ್ಕೆ ಹೋದ ಮೊದಲ ದಿನ ಎದೆ ಬಿಗಿದಂತಾಗಿ, ಕೆಮ್ಮು ಬಂದು, ಮುಂದಿನ ದಿನಗಳಲ್ಲಿ ತುಸು ಕಡಿಮೆಯಾದರೆ ಅದು ನೆಗಡಿಯೂ ಅಲ್ಲ, ಸಾಮಾನ್ಯ ಅಲರ್ಜಿಯೂ ಅಲ್ಲ. ಹತ್ತಿಯ ಧೂಳಿನಿಂದ ಶ್ವಾಸಕೋಶಕ್ಕೆ ಬರುವ ಬಿಸಿನೋಸಿಸ್ ಎಂಬ ಕಾಯಿಲೆಯ ಮುನ್ಸೂಚನೆ ಅದಾಗಿರಬಹುದು. ವರ್ಷಗಟ್ಟಲೆ ಅಲಕ್ಷಿಸಿದರೆ ಅದು ಶಾಶ್ವತ ಹಾನಿಯನ್ನುಂಟುಮಾಡುತ್ತದೆ. ಬೇಗನೆ ಗುರುತಿಸಿದರೆ ಮುಖವಸ್ತ್ರ, ಗಾಳಿಯಾಡುವ ವ್ಯವಸ್ಥೆ, ಕೆಲಸದ ಜಾಗದ ಬದಲಾವಣೆಗಳಿಂದ ತಡೆಯಬಹುದು. ಕಾಯಕವನ್ನು ಬಿಡಿ ಎಂದು ಹೇಳುವುದು ಸುಲಭ, ಪಾಲಿಸುವುದು ಕಷ್ಟ. ಕಾಯಕ ನಡೆಯುತ್ತಿರುವಂತೆಯೇ ಶ್ವಾಸವನ್ನು ಕಾಪಾಡಿಕೊಳ್ಳುವ ಉಪಾಯವನ್ನು ಹುಡುಕುವುದು ವೈದ್ಯನ ಧರ್ಮ.

ಒಬ್ಬ ಬಾಲಕನ ಉದಾಹರಣೆ

ಕೆಲವು ವರ್ಷಗಳ ಹಿಂದೆ ಅಜ್ಜಿಯೊಬ್ಬರು ಎಂಟು ವರ್ಷದ ಮೊಮ್ಮಗನನ್ನು ಕರೆತಂದರು. "ಡಾಕ್ಟರ್, ಈ ಹುಡುಗಗ ವರ್ಷಪೂರ್ತಿ ನೆಗಡಿ ಐತ್ರಿ. ಎಷ್ಟ ಔಷಧ ಕೊಟ್ರೂ ಬಿಡವಲ್ದು" ಎಂದರು. ಅದೇ ವರ್ಷ ಆ ಬಾಲಕನಿಗೆ ಆರು ಬಾರಿ ಆ್ಯಂಟಿಬಯೋಟಿಕ್ ಕೊಡಿಸಲಾಗಿತ್ತು. "ಅಕ್ಕಾರ, ಜ್ವರ ಬರ್ತಾವೇನ್ರಿ?" ಎಂದು ಕೇಳಿದೆ. "ಜ್ವರ ಇಲ್ರಿ. ಮುಂಜಾನೆ ಎದ್ದ ಕೂಡ್ಲೇ ಸೀನಾಕ ಹತ್ತತಾನ. ಸೂಟಿಗೆ ಸೋದರಮಾವನ ಊರಿಗೆ ಹೋದ್ರ ಆರಾಮ ಇರ್ತಾನ" ಎಂದರು.

ರೋಗದ ನಿದಾನವೆಲ್ಲ ಆ ಒಂದು ಉತ್ತರದಲ್ಲಿತ್ತು. ಬಾಲಕನ ಕಣ್ಣಿನ ಕೆಳಗೆ ಕಪ್ಪು ಛಾಯೆ; ಬಾಯಿ ತೆರೆದೇ ಉಸಿರಾಟ; ಅಂಗೈಯಿಂದ ಮೂಗಿನ ತುದಿಯನ್ನು ಮೇಲಕ್ಕೆ ಉಜ್ಜಿ ಉಜ್ಜಿ ಮೂಗಿನ ಮೇಲೊಂದು ಅಡ್ಡಗೆರೆ ಮೂಡಿತ್ತು. ಇವು ಮಕ್ಕಳ ಅಲರ್ಜಿಯ ಪ್ರಸಿದ್ಧ ಗುರುತುಗಳು. ರಾತ್ರಿ ಕೆಮ್ಮುತ್ತಾನೆ, ತರಗತಿಯಲ್ಲಿ ತೂಕಡಿಸುತ್ತಾನೆ ಎಂದೂ ತಿಳಿಯಿತು. ಎದೆಯ ಮೇಲೆ ಸ್ಟೆತಸ್ಕೋಪ್ ಇಟ್ಟಾಗ ಸಣ್ಣಗೆ ಸಿಳ್ಳಿನ ಧ್ವನಿ ಕೇಳಿಸಿತು. ಅಲರ್ಜಿ ಆಗಲೇ ಎದೆಯನ್ನು ತಲುಪಿತ್ತು. ಮಕ್ಕಳ ತಜ್ಞರ ಬಳಿಗೆ ಕಳುಹಿಸಿದೆ. ಅವರು ಇನ್ಹೇಲರ್ ಬರೆದುಕೊಟ್ಟರು. "ಅದು ಚಟ ಆಕ್ಕತಿ ಅಂತಾರಲ್ರಿ" ಎಂದು ಮನೆಯವರು ಅಂಜಿದರು. ಇನ್ಹೇಲರ್ ಚಟವಾಗುವ ವಸ್ತುವಲ್ಲ. ಔಷಧವು ಬೇಕಾದ ಜಾಗಕ್ಕೇ, ಅತ್ಯಲ್ಪ ಪ್ರಮಾಣದಲ್ಲಿ ತಲುಪುವ ದಾರಿ ಅದು ಎಂದು ತಿಳಿಸಿ ಹೇಳಬೇಕಾಯಿತು.

ಮನೆಯಲ್ಲಿ ಬಾಲಕ ಮಲಗುತ್ತಿದ್ದದ್ದು ಕಿಟಕಿಯಿಲ್ಲದ ಒಳಗೋಣೆಯಲ್ಲಿ, ಹಳೆಯ ಹತ್ತಿ ಗಾದಿ ಮತ್ತು ಮೂರು ಕೌದಿಗಳ ಮೇಲೆ. ಅವನ ಹಾಸಿಗೆಯನ್ನು ಗಾಳಿ ಬೆಳಕಿನ ಕೋಣೆಗೆ ಬದಲಿಸಿ, ಗಾದಿಯನ್ನು ತೆಗೆದು, ಹೊದಿಕೆಗಳನ್ನು ಬಿಸಿನೀರಿನಲ್ಲಿ ಒಗೆದು ಬಿಸಿಲಿಗೆ ಹಾಕುವ ಕ್ರಮ ಆರಂಭವಾಯಿತು. ಔಷಧ ಮತ್ತು ಈ ಪಥ್ಯ ಎರಡೂ ಸೇರಿ ಎರಡು ತಿಂಗಳಲ್ಲಿ ಅವನ ರಾತ್ರಿಯ ನಿದ್ದೆ ಮರಳಿತು. ಒಂದು ವರ್ಷದ ಗುಳಿಗೆಗಳಿಂದ ಆಗದಿದ್ದದ್ದು, ಸರಿಯಾದ ಹೆಸರು ದೊರೆತ ಮೇಲೆ ಆಯಿತು.

ನೆಗಡಿಯಾದರೆ ಮಾಡಬೇಕಾದದ್ದು

ನವಪ್ರತಿಶ್ಯಾಯದಲ್ಲಿ ಲಂಘನವೇ ಹಿತ. ಎಂದರೆ ಲಘುವಾದ, ಬಿಸಿಯಾದ ಆಹಾರ: ಜೋಳದ ನುಚ್ಚು, ಅಂಬಲಿ, ಕರಿಮೆಣಸಿನ ಸಾರು. ಶುಂಠಿ, ತುಳಸಿ, ಕರಿಮೆಣಸುಗಳ ಕಷಾಯ ದಿನಕ್ಕೆ ಎರಡು ಬಾರಿ. ಕುಡಿಯಲು ಬೆಚ್ಚನೆಯ ನೀರು. ಎರಡು ದಿನದ ವಿಶ್ರಾಂತಿ. ಒಂದು ವರ್ಷದೊಳಗಿನ ಮಗುವಿಗೆ ಜೇನುತುಪ್ಪವನ್ನು ಕೊಡಲೇಬಾರದು. ಹಬೆ ತೆಗೆದುಕೊಳ್ಳುವಾಗ ಕುದಿಯುವ ನೀರಿನ ಪಾತ್ರೆ ಉರುಳಿ ಮಕ್ಕಳು ಸುಟ್ಟುಕೊಳ್ಳುವುದುಂಟು. ಚಿಕ್ಕ ಮಕ್ಕಳಿಗೆ ಹಬೆ ಬೇಡ. ಹೊಸದಾಗಿ ನೆಗಡಿಯಾಗಿರುವಾಗ ಮೂಗಿಗೆ ಎಣ್ಣೆ ಬಿಡುವ ನಸ್ಯವನ್ನು ಶಾಸ್ತ್ರವೇ ನಿಷೇಧಿಸಿದೆ. ಕೈಯನ್ನು ಸಾಬೂನಿನಿಂದ ಆಗಾಗ ತೊಳೆದುಕೊಂಡರೆ ಮನೆಯ ಉಳಿದವರಿಗೆ ಹರಡುವುದು ಕಡಿಮೆಯಾಗುತ್ತದೆ.

ಮೂಗು ಕಟ್ಟಿದಾಗ ಅಂಗಡಿಯಿಂದ ತಂದು ಹಾಕಿಕೊಳ್ಳುವ ಹನಿಗಳ ಬಗ್ಗೆ ಒಂದು ಎಚ್ಚರಿಕೆ. ಕೂಡಲೇ ಮೂಗು ತೆರೆಯುವ ಈ ಹನಿಗಳನ್ನು ನಾಲ್ಕೈದು ದಿನಕ್ಕಿಂತ ಹೆಚ್ಚು ಬಳಸಿದರೆ, ಆ ಹನಿಗಳೇ ಮೂಗು ಕಟ್ಟಲು ಕಾರಣವಾಗುತ್ತವೆ. ಅಂತೆಯೇ ಒಳಗೇನಿದೆಯೆಂದು ಬರೆದಿರದ ಪುಡಿ, ಪೊಟ್ಟಣಗಳನ್ನು ಆಯುರ್ವೇದದ ಹೆಸರಿನಲ್ಲಿ ಯಾರು ಕೊಟ್ಟರೂ ಸೇವಿಸಬೇಡಿ.

ಅಲರ್ಜಿಯಾದರೆ ಮಾಡಬೇಕಾದದ್ದು

ಮೊದಲನೆಯದು ನಿದಾನ ಪರಿವರ್ಜನ. ಒಂದು ತಿಂಗಳು ಕ್ಯಾಲೆಂಡರಿನ ಮೇಲೆ ಸೀನು ಬಂದ ದಿನ, ಹೊತ್ತು, ಜಾಗ, ಆಗ ಮಾಡುತ್ತಿದ್ದ ಕೆಲಸ ಇವನ್ನು ಗುರುತು ಹಾಕಿ. ತಿಂಗಳ ಕೊನೆಗೆ ಕಾರಣ ಬಹುಮಟ್ಟಿಗೆ ತಾನೇ ಹೊರಬೀಳುತ್ತದೆ. ವೈದ್ಯರ ಬಳಿಗೆ ಹೋಗುವಾಗ ಆ ಹಾಳೆಯನ್ನು ಒಯ್ಯಿರಿ. ಸಂಶಯ ಉಳಿದರೆ ಚರ್ಮದ ಮೇಲೆ ಚುಚ್ಚಿ ನೋಡುವ ಪರೀಕ್ಷೆ ಅಥವಾ ರಕ್ತದ ಐಜಿಇ ಪರೀಕ್ಷೆಗಳಿವೆ.

ಮಹಾನವಮಿಯ ಮುಂಚೆ ಮನೆಯ ಹಾಸಿಗೆ-ಹೊದಿಕೆಗಳನ್ನೆಲ್ಲ ಒಗೆದು ಹಾಕುವ ನಮ್ಮ ಹಿರಿಯರ ಪದ್ಧತಿ ಬಹಳ ಒಳ್ಳೆಯದು. ಅಲರ್ಜಿಯಿರುವ ಮನೆಯಲ್ಲಿ ಅದು ವರ್ಷಕ್ಕೊಮ್ಮೆ ಸಾಲದು. ಚಾದರ, ದಿಂಬಿನ ಚೀಲಗಳನ್ನು ವಾರಕ್ಕೊಮ್ಮೆ, ಕೌದಿಯನ್ನು ಸಾಧ್ಯವಾದಷ್ಟು ಮಟ್ಟಿಗೆ ತಿಂಗಳಿಗೊಮ್ಮೆ, ಕೈ ಇಡಲಾಗದಷ್ಟು ಬಿಸಿಯಾದ ನೀರಿನಲ್ಲಿ ನೆನೆಸಿ ಒಗೆದು ಬಿರುಬಿಸಿಲಿನಲ್ಲಿ ಒಣಗಿಸಬೇಕು. ಕಾಂಗ್ರೆಸ್ ಕಸ ಹೂಬಿಟ್ಟ ಬಯಲಿನ ಪಕ್ಕದಲ್ಲಿ ಮಾತ್ರ ಹರವಬೇಡಿ. ಹಬ್ಬದ ಧೂಳು ಜಾಡಿಸುವ ಕೆಲಸವನ್ನು ಅಲರ್ಜಿಯಿಲ್ಲದವರು ಮಾಡಲಿ. ಒಣ ಕಸಬರಿಗೆಯ ಬದಲು ಒದ್ದೆ ಬಟ್ಟೆಯಿಂದ ನೆಲ ಒರೆಸುವುದು ಲೇಸು.

ರಾಶಿಯ ಕಾಲದಲ್ಲಿ ಗಾಳಿಗೆ ಬೆನ್ನು ಮಾಡಿ ನಿಲ್ಲಿರಿ. ಮೂಗು-ಬಾಯಿಗಳಿಗೆ ಮಾಸ್ಕ್, ಇಲ್ಲವಾದರೆ ಎರಡು-ಮೂರು ಪದರದ ಟವೆಲ್ಲು ಕಟ್ಟಿಕೊಳ್ಳಿ. ಮನೆಗೆ ಬಂದೊಡನೆ ಸ್ನಾನ ಮಾಡಿ ಬಟ್ಟೆ ಬದಲಿಸಿ. ಕಾಂಗ್ರೆಸ್ ಕಸವನ್ನು ಹೂಬಿಡುವ ಮೊದಲೇ, ನೆಲ ಹಸಿಯಿರುವಾಗ, ಕೈಚೀಲ ತೊಟ್ಟು ಬೇರುಸಹಿತ ಕೀಳಬೇಕು. ಅಲರ್ಜಿಯಿರುವವರು ಆ ಕೆಲಸಕ್ಕೆ ಕೈಹಾಕಬಾರದು. ಪ್ರತಿ ವರ್ಷ ಆಗಸ್ಟ್ 16ರಿಂದ 22ರವರೆಗೆ ದೇಶದಾದ್ಯಂತ ಪಾರ್ಥೇನಿಯಂ ಜಾಗೃತಿ ಸಪ್ತಾಹ ನಡೆಯುತ್ತದೆ. ಆ ವಾರದಲ್ಲಿ ಒಂದೊಂದು ಓಣಿಯವರು ಕೂಡಿ ತಮ್ಮ ಸುತ್ತಲಿನ ಜಾಗವನ್ನು ಸ್ವಚ್ಛಗೊಳಿಸಿದರೆ ಎಷ್ಟೋ ಮೂಗುಗಳಿಗೆ ನೆಮ್ಮದಿ. ಒಬ್ಬರ ಅಂಗಳದ ಪರಾಗ ಇನ್ನೊಬ್ಬರ ಮನೆಯ ಮಗುವಿಗೆ ಉಬ್ಬಸ ತರುತ್ತದೆ ಎಂದಮೇಲೆ ಇದು ಒಂದು ದಾಸೋಹವೇ.

ಚಿಕಿತ್ಸೆಯಲ್ಲಿ ಜಲನೇತಿ ಉಪಕಾರಿ. ಕುದಿಸಿ ಆರಿಸಿದ 250 ಮಿಲಿಲೀಟರ್ ನೀರಿಗೆ ಅರ್ಧ ಚಮಚಕ್ಕಿಂತ ತುಸು ಕಡಿಮೆ ಉಪ್ಪು ಬೆರೆಸಿ ಮೂಗನ್ನು ತೊಳೆಯಬೇಕು. ನಳದ ಹಸಿನೀರನ್ನು ಎಂದೂ ಬಳಸಬಾರದು. ನೆಗಡಿ, ಜ್ವರಗಳಿಲ್ಲದ ದಿನಗಳಲ್ಲಿ, ವೈದ್ಯರಿಂದ ಕಲಿತು, ಅಣುತೈಲದ ಒಂದೆರಡು ಹನಿಗಳ ಪ್ರತಿಮರ್ಶ ನಸ್ಯವನ್ನು ಹೊರಗೆ ಹೊರಡುವ ಮೊದಲು ಮಾಡಿಕೊಳ್ಳಬಹುದು. ಹರಿದ್ರಾಖಂಡ ಮೊದಲಾದ ಕಲ್ಪಗಳನ್ನು ವೈದ್ಯರ ಸಲಹೆಯಂತೆಯೇ ಸೇವಿಸಬೇಕು. ಅದರಲ್ಲಿ ಸಕ್ಕರೆ ಇರುವುದರಿಂದ ಮಧುಮೇಹಿಗಳಿಗೆ ಸಲ್ಲದು. ಇಷ್ಟರಿಂದ ಹತೋಟಿಗೆ ಬಾರದಿದ್ದರೆ ಆಧುನಿಕ ವೈದ್ಯದ ಅಲರ್ಜಿ ಗುಳಿಗೆ, ಮೂಗಿನ ಸ್ಪ್ರೇಗಳನ್ನು ತಜ್ಞರ ಮಾರ್ಗದರ್ಶನದಲ್ಲಿ ಬಳಸಲು ಹಿಂಜರಿಯಬೇಕಾಗಿಲ್ಲ. ಕೆಲವು ಗುಳಿಗೆಗಳಿಂದ ಮಂಪರು ಬರುವುದುಂಟು. ಸೇವಿಸಿ ವಾಹನ ಓಡಿಸಬಾರದು. ಕಷಾಯದ ಮೇಲಿನ ನಂಬಿಕೆಯಿಂದ ಇನ್ಹೇಲರನ್ನು ತಾವಾಗಿ ನಿಲ್ಲಿಸುವುದು ಅಪಾಯಕ್ಕೆ ಎಡೆ.

ತಡಮಾಡದೆ ವೈದ್ಯರನ್ನು ಕಾಣಬೇಕಾದ ಸಂದರ್ಭಗಳು

ಉಸಿರಾಟಕ್ಕೆ ಕಷ್ಟವಾದರೆ, ಎದೆಯಲ್ಲಿ ಸಿಳ್ಳಿನ ಧ್ವನಿ ಕೇಳಿಸಿದರೆ, ಮಗು ಉಸಿರೆಳೆಯುವಾಗ ಪಕ್ಕೆ ಒಳಸೇದುತ್ತಿದ್ದರೆ ಅದೇ ಗಳಿಗೆಯಲ್ಲಿ ಆಸ್ಪತ್ರೆಗೆ ಹೋಗಬೇಕು. ಮೂರು ದಿನ ಮೀರಿದ ಜ್ವರ, ಹತ್ತು ದಿನವಾದರೂ ಇಳಿಯದ ಅಥವಾ ಒಮ್ಮೆ ಇಳಿದು ಮತ್ತೆ ಉಲ್ಬಣಿಸಿದ ನೆಗಡಿ, ಕೆನ್ನೆ-ಹಣೆಗಳಲ್ಲಿ ತೀವ್ರ ನೋವು, ಒಂದೇ ಹೊಳ್ಳೆಯಿಂದ ದುರ್ಗಂಧದ ಅಥವಾ ರಕ್ತಮಿಶ್ರಿತ ಸ್ರಾವ ಇವುಗಳಿಗೂ ಪರೀಕ್ಷೆ ಅಗತ್ಯ. ಎರಡು ವಾರ ಮೀರಿದ ಕೆಮ್ಮನ್ನು ಅಲರ್ಜಿಯೆಂದು ತಳ್ಳಿಹಾಕದೆ ಕಫ ಪರೀಕ್ಷೆ ಮಾಡಿಸಿ. ಸರ್ಕಾರಿ ಆಸ್ಪತ್ರೆಗಳಲ್ಲಿ ಕ್ಷಯದ ಪರೀಕ್ಷೆಯೂ ಚಿಕಿತ್ಸೆಯೂ ಉಚಿತ.

ಶರಣಬಂಧುಗಳೇ, ಮನೆಯಲ್ಲಿ ಯಾರಾದರೂ ಮತ್ತೆ ಮತ್ತೆ ಸೀನುತ್ತಿದ್ದರೆ ಗುಳಿಗೆ ತರುವ ಮೊದಲು ಮೇಲಿನ ಐದು ಪ್ರಶ್ನೆಗಳನ್ನು ಕೇಳಿರಿ. ಉತ್ತರ ನೆಗಡಿಯ ಕಡೆಗಿದ್ದರೆ ಹತ್ತು ದಿನ ತಾಳ್ಮೆಯಿಂದಿರಿ. ಅಲರ್ಜಿಯ ಕಡೆಗಿದ್ದರೆ ಮೊದಲು ಹಾಸಿಗೆಯನ್ನೂ ಹಿತ್ತಲನ್ನೂ ನೋಡಿ, ಅನಂತರ ವೈದ್ಯರನ್ನು ಕಾಣಿರಿ. ಎಲ್ಲರ ಉಸಿರೂ ಸರಾಗವಾಗಿರಲಿ.